ಫ್ಲ್ಯಾಟಿನ ಜೊತೆ ಬಂದವರು

ಕುವೈತಿನ ಖೈತಾನಿನಲ್ಲಿದ್ದ ಆ ಫ್ಲ್ಯಾಟನ್ನು ನಮಗೆ ಬಿಟ್ಟುಕೊಟ್ಟ ಮಂಗಳೂರಿನ ಕುಟುಂಬ ಕೆನಡಾಕ್ಕೆ ಹೊರಟಿತ್ತು. ಪುಣ್ಯಾತ್ಮರು ಹೊರಡುವ ಗಡಿಬಿಡಿಯಲ್ಲಿ ಫ್ರಿಜ್ಜು, ಸೋಫಾ, ಪರದೆ, ಅರ್ಧ ಮುಗಿದ ಉಪ್ಪಿನಕಾಯಿ ಭರಣಿ ಎಲ್ಲವನ್ನೂ ಇದ್ದಲ್ಲೇ ಬಿಟ್ಟು, ಯಾವುದು ಎಲ್ಲಿದೆ ಎಂದು ನನ್ನ ಗಂಡನಿಗೆ ತೋರಿಸಿ ಕೀಲಿ ಕೊಟ್ಟಿದ್ದರು. ಅಡುಗೆಮನೆಯ ಪಕ್ಕದ ಸಣ್ಣ ಬಾಗಿಲನ್ನು ಮಾತ್ರ ತೋರಿಸಿರಲಿಲ್ಲ. ಅದು ಸ್ಟೋರ್ ಇರಬೇಕು ಎಂದು ಇವರು ಅಂದುಕೊಂಡರು. ಇವರು ಅಂದುಕೊಳ್ಳುವುದರಲ್ಲಿ ಮೊದಲಿನಿಂದಲೂ ಗಟ್ಟಿಗರು.

ನಾನು ಬಂದಿಳಿದ ದಿನ ಇವರು ನನ್ನನ್ನು ಏರ್‌ಪೋರ್ಟಿನಿಂದ ಕರೆತಂದು, ಸೂಟ್‌ಕೇಸುಗಳನ್ನು ಹಾಲಿನಲ್ಲಿಟ್ಟು, ಶುವೈಖ್‌ನ ಗೋದಾಮಿಗೆ ಕೆಲಸಕ್ಕೆ ಓಡಿದರು. ಯಾರು ಬಾಗಿಲು ತಟ್ಟಿದರೂ ತೆರೆಯಬೇಡ ಎಂದು ಹೇಳಿ ಹೋದರು. ಚಹಾ ಮಾಡಿಕೊಳ್ಳೋಣವೆಂದು ಅಡುಗೆಮನೆಗೆ ಹೋಗಿ ಕಂಡವರ ಡಬ್ಬಗಳನ್ನು ಒಂದೊಂದೇ ತೆರೆದು ನೋಡುತ್ತಿದ್ದೆ. ಬಿಳಿ ಪುಡಿಯಿದ್ದ ಡಬ್ಬಕ್ಕೆ ಚಮಚ ಹಾಕಿದ್ದೇ ತಡ, ಬೆನ್ನ ಹಿಂದೆ ಯಾರೋ ಪಿಸುಗುಟ್ಟಿದರು.

"ಅದು ಉಪ್ಪು. ಸಕ್ಕರೆ ಮೇಲಿನ ಡಬ್ಬದಲ್ಲಿ ಉಂಟು."

ಚಮಚ ಕೈಜಾರಿ ನೆಲಕ್ಕೆ ಬಿತ್ತು. ಆ ಸದ್ದಿಗೆ ನನಗಿಂತ ಹೆಚ್ಚು ಬೆಚ್ಚಿದ್ದು ಅವರು. ಐವತ್ತರ ಆಸುಪಾಸಿನ ಹೆಂಗಸು, ಮಾಸಿದ ನೈಟಿ, ಹೆಗಲ ಮೇಲೆ ಬೈರಾಸು ಅಂದರೆ ನಮ್ಮ ಕಡೆಯ ತೆಳು ಟವೆಲು, ಬಿಗಿದು ಕಟ್ಟಿದ ತುರುಬು. ನಮ್ಮ ಪುತ್ತೂರಿನಲ್ಲಿ ಯಾವ ಮನೆಯ ಹಿಂಬಾಗಿಲಿಗೆ ಹೋದರೂ ಕಾಣಸಿಗುವಂಥ ರೂಪ. ಹಾಗಾಗಿ ಕಿರುಚಲು ತೆರೆದ ಬಾಯಿಂದ ತುಳು ಹೊರಬಿತ್ತು, ಯಾರು ನೀವು ಎಂದು ಕೇಳಿದೆ. ತುಳು ಕಿವಿಗೆ ಬಿದ್ದದ್ದೇ ಅವರ ಮುಖ ಸಡಿಲವಾಯಿತು. ತಾನು ಕಾರ್ಕಳದ ಕಡೆಯವಳು, ಈ ಸಣ್ಣ ಕೋಣೆಯಲ್ಲಿರುವವಳು, ಹೆದರಬಾರದು, ಮೊದಲು ಚಹಾ ಕುಡಿಯಬೇಕು ಎಂದರು. ಚಹಾ ಅವರೇ ಮಾಡಿದರು. ಹಾಳಾದ್ದು, ಅಂಥ ಚಹಾ ಕುವೈತಿನಲ್ಲಿ ನನಗೆ ಆಮೇಲೆ ಎಲ್ಲೂ ಸಿಗಲಿಲ್ಲ.

ಸಂಜೆ ಇವರು ಬಂದಾಗ ನಾವಿಬ್ಬರೂ ಅಡುಗೆಮನೆಯ ನೆಲದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆವು. ಇವರ ಮುಖ ನೋಡಬೇಕಿತ್ತು. ಹಿಂದಿನ ರಾತ್ರಿ ಇವರು ಆ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದೇನೆಂದುಕೊಂಡು ಗೊರಕೆ ಹೊಡೆದು ಮಲಗಿದ್ದರು. ಕೂಡಲೇ ಕೆನಡಾದವರಿಗೆ ಫೋನ್ ಹೋಯಿತು. ಅಯ್ಯೋ, ಹೇಳಲಿಕ್ಕೆ ಮರೆತೇ ಹೋಯ್ತು, ಒಳ್ಳೆಯ ಹೆಂಗಸು, ನಿಮಗೇನೂ ತೊಂದರೆ ಆಗುವುದಿಲ್ಲ ಎಂದರು ಆ ಮಹಾತಾಯಿ. ಕೊಡೆ ಮರೆತು ಹೋದವರೂ ಇದಕ್ಕಿಂತ ಹೆಚ್ಚು ಪೇಚಾಡುತ್ತಾರೆ. ಕಟ್ಟಡ ಕಾಯುವ ಈಜಿಪ್ಟಿನ ಹಾರಿಸ್‌ಗೂ ವಿಷಯ ಗೊತ್ತಿತ್ತು. ಇವರು ಕೆಳಗೆ ಹೋಗಿ ಕೇಳಿದರೆ ಅವನು ಆಕಾಶಕ್ಕೆ ಕೈ ತೋರಿಸಿ "ಮಿಸ್ಕೀನಾ" ಎಂದು ಕಣ್ಣು ಒರೆಸಿಕೊಂಡನಂತೆ. ಪಾಪದವಳು ಎಂದರ್ಥ.

ಪಾಪದವರು ಹೌದು, ಆದರೆ ಅವರಿಗೆ ಇಕಾಮಾ ಇರಲಿಲ್ಲ. ಇಕಾಮಾ ಅಂದರೆ ಈ ದೇಶದಲ್ಲಿ ಇರಲಿಕ್ಕೆ ಸಿಗುವ ಅನುಮತಿ. ಅದು ವೀಸಾ ಕೊಟ್ಟ ಮಾಲೀಕನ, ಅಂದರೆ ಕಫೀಲನ, ಹೆಸರಿನ ಮೇಲೆ ನಿಂತಿರುತ್ತದೆ. ಈ ಅಕ್ಕ ಒಬ್ಬ ಕಫೀಲನ ಮನೆಗೆಲಸಕ್ಕೆ ಬಂದು, ಅಲ್ಲಿಂದ ಒಂದು ದಿನ ಉಟ್ಟ ಬಟ್ಟೆಯಲ್ಲಿ ಹೊರಟುಬಿಟ್ಟಿದ್ದರು. ಅವನು ಓಡಿಹೋದಳು ಎಂದು ದೂರು ಕೊಟ್ಟ. ಪಾಸ್‌ಪೋರ್ಟು ಅವನಲ್ಲೇ ಉಳಿಯಿತು. ಮಂಗಳೂರಿನ ಆ ಕುಟುಂಬ ಅಡುಗೆಗೆಂದು ಅಕ್ಕನನ್ನು ಒಳಗೆ ಸೇರಿಸಿಕೊಂಡಿತು. ಅವತ್ತು ಮೆಟ್ಟಿಲು ಹತ್ತಿ ಬಂದವರು ಮತ್ತೆ ಇಳಿದಿರಲಿಲ್ಲ. ಸಿಕ್ಕಿಬಿದ್ದರೆ ಅವರಿಗೆ ಜೈಲು. ಇಟ್ಟುಕೊಂಡವರಿಗೆ ಕೆಲಸ ಹೋಗುತ್ತದೆ, ಊರಿಗೆ ಗಡೀಪಾರು. ಇವರು ಇದನ್ನು ಮಲಗುವ ಕೋಣೆಯಲ್ಲಿ ನನಗೆ ಹಲ್ಲು ಕಚ್ಚಿ ವಿವರಿಸಿದರು. ಒಂದು ವಾರದೊಳಗೆ ಬೇರೆ ಕಡೆ ವ್ಯವಸ್ಥೆ ಮಾಡೋಣ, ಅಲ್ಲಿಯವರೆಗೆ ಇರಲಿ ಎಂದರು. ಆ ವಾರ ಎರಡು ವರ್ಷಕ್ಕೆ ಹತ್ತಿರ ಹತ್ತಿರ ನಡೆಯಿತು.

ನಿಜ ಹೇಳುತ್ತೇನೆ, ಅವರು ಹೋಗುವುದು ನನಗೂ ಬೇಡವಾಗಿತ್ತು. ಊರಿನ ಸಹಕಾರಿ ಸಂಘದ ಕೌಂಟರಿನಲ್ಲಿ ಕೂತು ದಿನವಿಡೀ ಗಿರಾಕಿಗಳ ಜೊತೆ ವಾದಿಸಿ ಅಭ್ಯಾಸವಾದವಳು ನಾನು. ಇಲ್ಲಿ ಗಂಡನ ವೀಸಾದ ಬಾಲ ಹಿಡಿದು ಬಂದವಳಿಗೆ ಕೆಲಸ ಮಾಡುವ ಹಕ್ಕಿಲ್ಲ, ಡ್ರೈವಿಂಗ್ ಬರುವುದಿಲ್ಲ, ಹೊರಗೆ ಕಾಲಿಟ್ಟರೆ ಚಪ್ಪಲಿಯೊಳಗೇ ಪಾದ ಬೇಯುವ ಬಿಸಿಲು. ಹಾಲಿನ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಅದರ ತುಂಬ ಎಸಿ ಪೆಟ್ಟಿಗೆಗಳು. ಮಲಗುವ ಕೋಣೆಯ ಕಿಟಕಿಗೆ ಅದೂ ಇಲ್ಲ, ಪೈಪುಗಳು ಇಳಿಯುವ ಕತ್ತಲೆಯ ಸಂದಿ. ಮೊದಲ ತಿಂಗಳಲ್ಲಿ ಆ ಗೋಡೆಯ ಜೊತೆ ಜಗಳಾಡುವುದೊಂದು ಬಾಕಿಯಿತ್ತು. ಈ ಅಕ್ಕ ಇದ್ದದ್ದರಿಂದ ನನ್ನ ತಲೆ ಸರಿಯಾಗಿ ಉಳಿಯಿತು.

ಅವರ ಮಾತೆಲ್ಲ ಪಿಸುದನಿಯಲ್ಲೇ. ನಗು ಬಂದರೆ ಬಾಯಿ ತೆರೆದು ಭುಜ ಕುಣಿಸುತ್ತಿದ್ದರು, ಸ್ವರ ಮಾತ್ರ ಹೊರಡುತ್ತಿರಲಿಲ್ಲ. ನಲ್ಲಿಯನ್ನು ನೂಲಿನಷ್ಟೇ ತೆರೆಯುವುದು, ಪಾತ್ರೆಯ ಕೆಳಗೆ ಬಟ್ಟೆ ಹಾಕಿ ಇಡುವುದು, ಮೇಲಿನವರು ಫ್ಲಶ್ ಮಾಡಿದಾಗಲೇ ತಾನೂ ಮಾಡುವುದು. ರಜೆಯ ಶುಕ್ರವಾರ ನಾವಿಬ್ಬರೂ ಹೊರಗೆ ಹೋದರೆ ಫ್ಲ್ಯಾಟಿನಲ್ಲಿ ಯಾರೂ ಇಲ್ಲವೆಂದೇ ಲೆಕ್ಕ, ಹಾಗಾಗಿ ದೀಪ ಹಾಕದೆ ತಮ್ಮ ಕೋಣೆಯಲ್ಲಿ ಕೂತಿರುತ್ತಿದ್ದರು. ಅವರಿಗೊಂದು ಹಳೆಯ ಕೆಮ್ಮು ಇತ್ತು. ಅದನ್ನು ಇವರ ಗೊರಕೆಯ ಹೊತ್ತಿಗೆ ಕೂಡಿಡುತ್ತಿದ್ದರಂತೆ. ನಿಮ್ಮ ಯಜಮಾನರು ಪುಣ್ಯವಂತರು, ಅವರ ಗೊರಕೆಯೊಳಗೆ ನಾನು ಮನಸಾರೆ ಕೆಮ್ಮುತ್ತೇನೆ ಎಂದು ಒಮ್ಮೆ ಹೇಳಿ ಭುಜ ಕುಣಿಸಿದರು. ನಿದ್ದೆಯಲ್ಲಿ ಮಾತಾಡುವ ಅಭ್ಯಾಸವೂ ಇತ್ತು; ಅದಕ್ಕೆ ಮಲಗುವಾಗ ಬೈರಾಸನ್ನು ಬಾಯಿಗೆ ಸುತ್ತಿ ಕಟ್ಟಿಕೊಳ್ಳುತ್ತಿದ್ದರು. ಅದನ್ನು ಮೊದಲ ಸಲ ಕಂಡ ದಿನ ನನಗೆ ಊಟ ಸೇರಲಿಲ್ಲ.

ಫ್ಲ್ಯಾಟಿನಲ್ಲಿ ಬದುಕುವುದನ್ನು ನನಗೆ ಕಲಿಸಿದ್ದು ಅವರೇ. ಜೂನ್ ತಿಂಗಳ ಒಂದು ಮಧ್ಯಾಹ್ನ ತಣ್ಣೀರೆಂದು ನಲ್ಲಿ ತಿರುಗಿಸಿ ತಲೆಯೊಡ್ಡಿದವಳು ಸುಟ್ಟುಕೊಂಡು ಬೊಬ್ಬೆ ಹೊಡೆದೆ. ಇಲ್ಲಿ ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನ ನೀರು ಕುದಿಯುತ್ತಿರುತ್ತದೆ. ಗೀಸರಿನ ಸ್ವಿಚ್ಚು ಆರಿಸಿಟ್ಟರೆ ಒಳಗಿನ ನೀರು ಎಸಿಯ ತಂಪಿಗೆ ತಣ್ಣಗಾಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಬಿಸಿನೀರಿನ ನಲ್ಲಿ ತಣ್ಣೀರಿನದು, ತಣ್ಣೀರಿನ ನಲ್ಲಿ ಬಿಸಿನೀರಿನದು. ಇದೆಂಥ ಕರ್ಮದ ಊರಪ್ಪಾ ಎಂದು ನಾನು ರೇಗಿದರೆ ಅವರು ನನ್ನ ಬೆನ್ನಿಗೆ ಕೊಬ್ಬರಿ ಎಣ್ಣೆ ಸವರುತ್ತ, ಬೈಯುವುದಾದರೆ ಕುವೈತಿಗೆ ಬೈಯಿ, ಊರು ಅನ್ನಬೇಡ ಎಂದರು. ಅಷ್ಟು ಹೊತ್ತಿಗೆ 'ನೀವು' ಹೋಗಿ 'ನೀನು' ಬಂದಿತ್ತು, ಅಂದರೆ ಅವರು ನನ್ನನ್ನು ಕರೆಯುವುದರಲ್ಲಿ.

ಮಾತಿನಲ್ಲಿ ಅವರದು ಭಾರಿ ಕಟ್ಟುನಿಟ್ಟು. ಗಲ್ಫಿನಲ್ಲಿ ನಮ್ಮವರು ಯಾರೂ ತಾವಿರುವ ಜಾಗಕ್ಕೆ ಮನೆ ಎನ್ನುವುದಿಲ್ಲ ಎಂಬುದನ್ನು ನೀವು ಗಮನಿಸಿರಬಹುದು. ರೂಮಿಗೆ ಹೋಗ್ತೇನೆ, ರೂಮಿನಲ್ಲಿದ್ದೇನೆ, ರೂಮಿಗೆ ಊಟಕ್ಕೆ ಬನ್ನಿ. ಮೂರು ಬೆಡ್‌ರೂಮಿನ ಫ್ಲ್ಯಾಟಿದ್ದರೂ, ಹೆಂಡತಿ ಮಕ್ಕಳಿದ್ದರೂ ಅದು ರೂಮೇ. ಮನೆ ಅಂದರೆ ಊರಿನದ್ದು. ಉಳಿದವರಿಗೆ ಇದು ಬರೀ ರೂಢಿ, ಅಕ್ಕನಿಗೆ ಮಾತ್ರ ವ್ರತ. ಹೊಸದರಲ್ಲಿ ನಾನು ನಮ್ಮ ಮನೆಯ ಪರದೆ, ನಮ್ಮ ಮನೆಯ ಬಾಗಿಲು ಎನ್ನುತ್ತಿದ್ದೆ. ಪ್ರತಿ ಸಲವೂ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ತಿದ್ದುತ್ತಿದ್ದರು.

"ರೂಮ್ ಅನ್ನು ಮಗಾ. ಇದಕ್ಕೆ ಮನೆ ಅಂದ್ರೆ ಮತ್ತೆ ಇಲ್ಲಿಂದ ಹೋಗ್ಲಿಕ್ಕಾಗುದಿಲ್ಲ."

ಅಡುಗೆಮನೆಯನ್ನು ಏನೆನ್ನಬೇಕು, ಅದರಲ್ಲೂ ಮನೆ ಇದೆಯಲ್ಲ ಎಂದು ನಾನು ಕೊಂಕು ತೆಗೆದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಕಿಚನ್ ಎಂದರು. ಆವತ್ತಿನಿಂದ ಕಿಚನ್ನೇ.

ಒಮ್ಮೆ ಇವರ ಮ್ಯಾನೇಜರು, ಉಡುಪಿಯವರು, ಹೆಂಡತಿಯ ಸಮೇತ ಊಟಕ್ಕೆ ಬಂದರು. ಕೋರಿ ಸುಕ್ಕ ಮಾಡಿದ್ದು ಅಕ್ಕ. ಮಾಡಿಟ್ಟು, ತಮ್ಮ ಚಪ್ಪಲಿ, ಬಾಚಣಿಗೆ, ಲೋಟ ಎಲ್ಲ ಎತ್ತಿಕೊಂಡು ಕೋಣೆ ಸೇರಿ ಚಿಲಕ ಹಾಕಿಕೊಂಡರು. ಮ್ಯಾನೇಜರ ಹೆಂಡತಿ ಎರಡನೇ ಸಲ ಬಡಿಸಿಕೊಳ್ಳುತ್ತ ಮಸಾಲೆಗೆ ಏನೇನು ಹಾಕಿದ್ದೀರಿ ಎಂದು ಕೇಳುವ ಹೊತ್ತಿಗೆ ಸರಿಯಾಗಿ ಸಣ್ಣ ಬಾಗಿಲಿನ ಹಿಂದೆ ಒಂದು ಸೀನು ಕೇಳಿತು. ಮರೆಮಾಚಲಾಗದಂಥ ಸೀನು. ಇವರ ಕೈಯಲ್ಲಿದ್ದ ನೀರುದೋಸೆ ಅಲ್ಲೇ ನಿಂತಿತು. ನಾನು ಹಿಂದುಮುಂದು ನೋಡದೆ ಮುಖಕ್ಕೆ ಸೆರಗು ಹಿಡಿದು ಸೀನಿದೆ, ಇನ್ನೊಂದು ಸೀನಿದೆ, ಎದ್ದು ಕಿಚನ್ನಿಗೆ ಹೋಗಿ ಅಲ್ಲಿಯೂ ಸೀನಿದೆ. ಇವಳಿಗೆ ಇಲ್ಲಿನ ಧೂಳು ಆಗಿಬರುವುದಿಲ್ಲ ಎಂದು ಇವರು ಹೇಳಿದರು. ಆ ಪುಣ್ಯವಂತೆ ಇವತ್ತಿಗೂ ನನ್ನ ಸೀನಿಗೆ ಔಷಧಿ ಕಳಿಸುತ್ತಾರೆ. ಅವರು ಹೋದ ಮೇಲೆ ಅಕ್ಕ ಹೊರಗೆ ಬಂದು ಒಂದೇ ಸಮನೆ ಭುಜ ಕುಣಿಸಿದರು, ನಾನೂ ನಕ್ಕೆ. ಇವರು ನಗಲಿಲ್ಲ. ನಮ್ಮಿಬ್ಬರಿಗೂ ಬೆನ್ನು ಹಾಕಿ ಕೂತು, ಇದು ಹೀಗೇ ಎಷ್ಟು ದಿನ ಎಂದು ಗೋಡೆಯನ್ನು ಕೇಳಿದರು.

ನಗುವ ವಿಷಯ ಅಲ್ಲ ಎಂಬುದು ನನಗೂ ಗೊತ್ತಾಗುವ ದಿನ ಬಂತು. ಬೆಳಗ್ಗೆ ಬೀದಿಯಲ್ಲಿ ಚೆಕಿಂಗ್ ನಡೆಯುತ್ತಿದೆ ಎಂದು ಹಾರಿಸ್ ಮೇಲೆ ಬಂದು ಹೇಳಿ ಹೋದ. ಪೊಲೀಸರು ಕಟ್ಟಡದೊಳಗೇ ಬಂದರು. ನಮ್ಮ ಬಾಗಿಲು ತಟ್ಟಿದರು. ನನ್ನ ಸಿವಿಲ್ ಐಡಿ ನೋಡಿದವನು ಚಿಕ್ಕ ಹುಡುಗ, ಮರ್ಯಾದಸ್ಥ. "ಕಮ್ ನಫರ್?" ಎಂದು ಕೇಳಿದ, ಒಳಗೆ ಎಷ್ಟು ಜನ ಎಂದು. ನಾನು ಎರಡು ಬೆರಳು ತೋರಿಸಿದೆ. ಸಂಘದ ಕೌಂಟರಿನಲ್ಲಿ ಎಂಥೆಂಥವರ ಮುಖ ನೋಡಿ ದಬಾಯಿಸಿದವಳು ಅವನ ಬೂಟು ನೋಡುತ್ತ ನಿಂತೆ. ಅವನು ಕಾರ್ಡು ಹಿಂದೆ ಕೊಟ್ಟು ಮೇಲಿನ ಮಹಡಿಗೆ ಹೋದ. ಬಾಗಿಲು ಹಾಕಿ ಬಂದು ಎಷ್ಟು ಕರೆದರೂ ಅಕ್ಕ ಚಿಲಕ ತೆಗೆಯಲಿಲ್ಲ. ಮಧ್ಯಾಹ್ನ ತೆಗೆದಾಗ ಬೈರಾಸು ಬಾಯಿಗೆ ಕಟ್ಟಿಕೊಂಡೇ ಇದ್ದರು. ನನಗೆ ಸಿಟ್ಟು ಬಂತು, ಅವರ ಮೇಲಲ್ಲ, ಯಾರ ಮೇಲೆ ಎಂದೂ ಗೊತ್ತಿಲ್ಲ. ಯಾಕೆ ಬಿಟ್ಟು ಬಂದಿರಿ ಆ ಕಫೀಲನ ಮನೆಯನ್ನು, ಅಲ್ಲೇ ಹೇಗಾದರೂ ಇದ್ದು ವಾಯಿದೆ ಮುಗಿಸಿ ಊರಿಗೆ ಹೋಗಬಾರದಿತ್ತೇ ಎಂದು ಕೇಳಿಬಿಟ್ಟೆ. ಅದುವರೆಗೆ ಕೇಳಿರಲಿಲ್ಲ.

"ಅಲ್ಲಿ ನಾನು ಮಲಗುವ ಕೋಣೆಗೆ ಒಳಗಿಂದ ಚಿಲಕ ಇರ್ಲಿಲ್ಲ," ಎಂದರು.

ಅಷ್ಟೇ ಹೇಳಿದ್ದು. ಆಮೇಲೆ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ತಮ್ಮ ಬಾಗಿಲಿನ ಚಿಲಕಕ್ಕೆ ವಾರಕ್ಕೊಮ್ಮೆ ಎಣ್ಣೆ ಬಿಡುತ್ತಿದ್ದರು. ಸದ್ದಾಗದಿರಲಿ ಎಂದು ಮಾಡುತ್ತಾರೆ ಅಂದುಕೊಂಡಿದ್ದೆ, ಅದೊಂದೇ ಕಾರಣವಲ್ಲ ಎಂದು ಆವತ್ತು ತಿಳಿಯಿತು.

ಊರಿನಲ್ಲಿ ಅವರಿಗೊಬ್ಬಳು ಮಗಳು. ತಮ್ಮನ ಮನೆಯಲ್ಲಿ, ತಮ್ಮನ ಹೆಂಡತಿಯ ಕೈಯಲ್ಲಿ ಬೆಳೆದವಳು. ಅವಳು ಕೂಸಾಗಿದ್ದಾಗ ಅಕ್ಕ ವಿಮಾನ ಹತ್ತಿದ್ದು. ಸಂಜೆ ಹೊತ್ತು ವಾಟ್ಸ್ಯಾಪಿನಲ್ಲಿ ಅವಳ ಜೊತೆ ಮಾತು, ಅದೂ ಪಿಸುಮಾತೇ. ಅಮ್ಮ ದೊಡ್ಡ ಬಂಗಲೆಯಲ್ಲಿ ಅಡುಗೆಯ ಮೇಲ್ವಿಚಾರಣೆಗೆ ಇದ್ದಾರೆಂದು ಮಗಳು ನಂಬಿದ್ದಳು. ಯಾಕಮ್ಮ ಮೆಲ್ಲ ಮಾತಾಡುವುದು ಎಂದು ಕೇಳಿದರೆ ಮೇಡಮ್ಮಿನ ಮಗು ಮಲಗಿದೆ ಎನ್ನುತ್ತಿದ್ದರು. ನಾನು ಪಕ್ಕದಲ್ಲಿ ಕೂತಿದ್ದಾಗಲೇ ಒಂದು ದಿನ ಅವಳು ಕೇಳಿದಳು.

"ಆ ಮಗು ಎಷ್ಟು ವರ್ಷದಿಂದ ಮಲಗಿದೆ ಅಮ್ಮಾ?"

ಅಕ್ಕ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇದು ಎರಡನೆಯದು ಎಂದರು ಅಕ್ಕ.

ಹೀಗಿರುವಾಗ ಸರಕಾರ ಕ್ಷಮಾದಾನ ಸಾರಿತು. ಇಕಾಮಾ ಇಲ್ಲದವರು ಇಂತಿಷ್ಟು ದಿನದೊಳಗೆ ತಾವಾಗಿ ಮುಂದೆ ಬಂದರೆ ಜೈಲಿಲ್ಲ, ದಂಡವಿಲ್ಲ, ಊರಿಗೆ ಹೋಗಬಹುದು. ಪಾಸ್‌ಪೋರ್ಟು ಇಲ್ಲದವರಿಗೆ ನಮ್ಮ ರಾಯಭಾರ ಕಚೇರಿಯವರು ಔಟ್‌ಪಾಸ್ ಎಂಬ ಕಾಗದ ಕೊಡುತ್ತಾರೆ. ಇವರು ಸುದ್ದಿ ತಂದ ಸಂಜೆ ದಾರಿಯಲ್ಲಿ ಜಿಲೇಬಿ ಕಟ್ಟಿಸಿಕೊಂಡು ಬಂದಿದ್ದರು. ಮದುವೆಯಾದ ಮೇಲೆ ಇವರು ತಾವಾಗಿ ಸಿಹಿ ತಂದದ್ದು ಅದೇ ಮೊದಲು. ಅಕ್ಕ ಜಿಲೇಬಿಯನ್ನು ತಟ್ಟೆಗೆ ಹಾಕಿ ಇವರ ಮುಂದಿಟ್ಟು, ತಾನು ಹೋಗುವುದಿಲ್ಲ ಎಂದರು.

ಇವರು ಮೊದಲು ನಯವಾಗಿ ಹೇಳಿದರು, ಮರುದಿನ ಬಿರುಸಾಗಿ ಹೇಳಿದರು, ನಾಲ್ಕಾರು ದಿನ ಕಳೆದ ಮೇಲೆ ಬೇಡಿಕೊಂಡರು. ಕ್ಷಮಾದಾನ ಮುಗಿದರೆ ಚೆಕಿಂಗ್ ಹೆಚ್ಚುತ್ತದೆ, ಆಗ ನಾನೇ ನಿಮ್ಮನ್ನು ಹೊರಗೆ ಹಾಕಬೇಕಾಗುತ್ತದೆ, ಆ ಪಾಪ ನನ್ನ ತಲೆಗೆ ಕಟ್ಟಬೇಡಿ ಅಕ್ಕಾ ಎಂದರು. ಅಕ್ಕ ಬೈರಾಸಿನ ತುದಿ ತಿರುವುತ್ತ ನಿಂತೇ ಇದ್ದರು. ಊರಿನಲ್ಲಿ ತನಗೆ ಯಾವ ಕೋಣೆ ಇದೆ, ತಮ್ಮನ ಮನೆಯಲ್ಲಿ ಯಾವ ಮೂಲೆ ತನ್ನದು, ಮಗಳಿಗೆ ತಾನೊಂದು ಫೋನಿನ ಸದ್ದು ಮಾತ್ರ ಎಂದು ನನ್ನ ಹತ್ತಿರ ಮೆಲ್ಲಗೆ ಹೇಳಿದರು. ನಾನು ರೇಗಿದೆ. ಈ ಗೂಡಿನಲ್ಲಿ ಕೊಳೆಯುತ್ತೀರಾ, ಸತ್ತರೂ ಹೊರಗೆ ಒಯ್ಯಲು ನಾವು ಹೆದರಬೇಕಾದ ಸ್ಥಿತಿ ಎಂದೆ. ಅಂದ ಮೇಲೆ ನನಗೇ ಅಳು ಬಂತು. ಅವರು ನನ್ನ ತಲೆ ಸವರಿ, ಅಳುವುದಾದರೆ ನಲ್ಲಿಯ ನೀರು ಬಿಟ್ಟು ಅಳು, ಕೆಳಗಿನವರಿಗೆ ಕೇಳುತ್ತದೆ ಎಂದರು. ದಿನಗಳು ಹೋಗುತ್ತಲೇ ಇದ್ದವು.

ಕೊನೆಗೆ ಅವರನ್ನು ಎಬ್ಬಿಸಿದ್ದು ನಾವ್ಯಾರೂ ಅಲ್ಲ. ಒಂದು ಸಂಜೆ ಮಗಳ ಫೋನು ಬಂತು. ನಾನು ಬಟ್ಟೆ ಮಡಚುತ್ತಿದ್ದೆ. ಊಟ ಆಯಿತಾ, ಎಲ್ಲಿದ್ದೀ, ಹೊರಗೆ ಹೋಗಿದ್ದೀಯಾ ಎಂದು ಅವಳು ದಿನದಂತೆ ಕೇಳಿರಬೇಕು. ಅಕ್ಕನೂ ದಿನದಂತೆ ಉತ್ತರ ಕೊಟ್ಟರು.

"ಇಲ್ಲೇ, ಮನೆಯಲ್ಲಿ."

ಆಚೆಯಿಂದ ಅವಳು ಏನೋ ಕೇಳಿದಳು. ಯಾರ ಮನೆಯಲ್ಲಿ ಎಂದು ಕೇಳಿದಳೆಂದು ಆಮೇಲೆ ತಿಳಿಯಿತು. ಅಕ್ಕ ಫೋನ್ ಇಟ್ಟುಬಿಟ್ಟರು. ನಾನು ಏನಾಯಿತೆಂದು ಹತ್ತಿರ ಹೋದರೆ ನನ್ನ ಕೈ ಹಿಡಿದುಕೊಂಡರು, ನೋವಾಗುವಷ್ಟು ಬಿಗಿಯಾಗಿ.

"ನನ್ನ ಬಾಯಲ್ಲಿ ಮನೆ ಅಂತ ಬಂತು, ಕೇಳಿದ್ಯಾ? ಇನ್ನು ಆಗ್ಲಿಕ್ಕಿಲ್ಲ ಮಗಾ. ನಾಳೆಯೇ ಹೋಗುವ."

ಮರುದಿನ ನನ್ನದೊಂದು ಚೂಡಿದಾರ್ ಹಾಕಿಸಿದೆ. ಮೆಟ್ಟಿಲ ತುದಿಯಲ್ಲಿ ನಿಂತು ಕೆಳಗೆ ನೋಡಿ, ತಲೆ ತಿರುಗುತ್ತದೆ ಎಂದು ಒಳಗೆ ಬಂದು ಕೂತರು. ಎರಡನೆಯ ಸಲ ಮೊದಲ ತಿರುವಿನವರೆಗೆ ಇಳಿದು, ಎದುರಿನ ಫ್ಲ್ಯಾಟಿನ ಬಾಗಿಲು ತೆರೆದದ್ದೇ ಹಿಂದೆ ಓಡಿ ಬಂದರು. ಇವರು ಕೆಳಗೆ ಕಾರಿನಲ್ಲಿ ಕಾಯುತ್ತಿದ್ದರು, ಗೋದಾಮಿಗೆ ಅರ್ಧ ದಿನ ರಜೆ ಹಾಕಿ. ಯಲ್ಲಾ, ನಡೆಯಿರಿ ಎಂದು ಹಾರಿಸ್ ಬಂದು ಮುಂದೆ ಮುಂದೆ ನಡೆದ, ನಾನು ಹಿಂದಿನಿಂದ ದಾರಿ ಕಟ್ಟಿದೆ. ಹಾಗೆ ನಡುವೆ ಹಾಕಿಕೊಂಡು ಇಳಿಸಿದೆವು. ಬೀದಿಗೆ ಬಂದ ಕೂಡಲೇ ಬಿಸಿಲಿಗೆ ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡರು. ಕಾರಿನಲ್ಲಿ ಕೂತ ಮೇಲೂ ತೆರೆಯಲಿಲ್ಲ.

ಔಟ್‌ಪಾಸ್ ಕೊಡುವ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಂಧ್ರದವರು, ಕೇರಳದವರು, ಬಿಹಾರದವರು, ನಮ್ಮವರು, ಇಷ್ಟೊಂದು ಜನ ಇಷ್ಟು ದಿನ ಯಾವ ಯಾವ ಕೋಣೆಗಳಲ್ಲಿ ಇದ್ದರೋ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ನಮ್ಮ ಸರದಿ ಬಂದಾಗ ಗಾಜಿನ ಹಿಂದಿದ್ದ ಗುಮಾಸ್ತ ಸುಸ್ತಾಗಿದ್ದ, ಆದರೂ ಸೌಮ್ಯವಾಗಿಯೇ ಹಿಂದಿಯಲ್ಲಿ ಹೆಸರು ಕೇಳಿದ. ಅಕ್ಕನ ತುಟಿ ಆಡಿತು. ಅವನಿಗೆ ಕೇಳಲಿಲ್ಲ. ಇನ್ನೊಮ್ಮೆ ಆಡಿತು. ನಾನು ಬಗ್ಗಿ ಹೇಳಹೊರಟೆ. ನೀವು ಬೇಡಮ್ಮ, ಪಾಸ್‌ಪೋರ್ಟ್ ಇಲ್ಲದವರು ತಮ್ಮ ಹೆಸರು, ತಂದೆಯ ಹೆಸರು, ಊರು ತಾವೇ ಹೇಳಬೇಕು ಎಂದ. "ಜೋರ್ ಸೇ ಬೋಲಿಯೇ," ಎಂದು ಅಕ್ಕನಿಗೆ ಹೇಳಿದ. ಅಕ್ಕ ಬಾಯಿ ತೆರೆದರು. ಕತ್ತಿನ ನರ ಉಬ್ಬಿತು. ಸ್ವರ ಎಲ್ಲಿ ಸಿಕ್ಕಿಕೊಂಡಿತೋ, ಬರಲಿಲ್ಲ. ಹಿಂದಿನ ಸಾಲಿನವರು ಗೊಣಗತೊಡಗಿದರು. ನಾಳೆ ಬನ್ನಿ ಎಂದುಬಿಟ್ಟರೆ ಈ ಹೆಂಗಸು ಇನ್ನೊಮ್ಮೆ ಮೆಟ್ಟಿಲು ಇಳಿಯಲಾರರು ಎಂದು ನನಗೆ ಖಾತ್ರಿಯಿತ್ತು. ಗಾಜಿಗೆ ಕೈ ಊರಿ ನಿಂತ ಅವರ ಬೆನ್ನನ್ನು ನಾನು ಸಿಟ್ಟಿನಿಂದ, ಹೌದು, ಸಿಟ್ಟಿನಿಂದಲೇ ಗುದ್ದಿದೆ.

ಹೆಸರು ಬಂತು. ಹೆಸರಲ್ಲ, ಕೂಗು. ಅಪ್ಪನ ಹೆಸರು, ಗ್ರಾಮ, ಅಂಚೆ, ತಾಲೂಕು, ಎಲ್ಲವೂ ಒಂದೇ ಉಸಿರಿನಲ್ಲಿ ಕೂಗಾಗಿ ಬಂತು. ಇಡೀ ಹಾಲು ಮಾತು ನಿಲ್ಲಿಸಿ ತಿರುಗಿ ನೋಡಿತು. ಗುಮಾಸ್ತ ಪೆನ್ನು ಎತ್ತಿಕೊಂಡು, ಆಯ್ತಮ್ಮಾ, ಬರೆದುಕೊಂಡೆ ಎಂದ. ಅಕ್ಕ ನಿಲ್ಲಿಸಲಿಲ್ಲ. ಮೊದಲಿನಿಂದ ಇನ್ನೊಮ್ಮೆ ಹೇಳಿದರು, ಅಷ್ಟೇ ಜೋರಾಗಿ. ದೂರದಲ್ಲಿ ನಿಂತಿದ್ದ ನಮ್ಮ ಕಡೆಯ ಒಬ್ಬ ಮುದುಕ, ಹೋ, ನಮ್ಮ ಊರಿನವಳೇ ಎಂದು ತುಳುವಿನಲ್ಲಿ ಕೂಗಿದ. ಅಷ್ಟು ಸಾಕಾಯಿತು. ರೂಮಿಗೆ ಹಿಂದಿರುಗುವ ದಾರಿಯಲ್ಲಿ ಅವರು ಬಾಯಿ ಮುಚ್ಚಲಿಲ್ಲ, ಇವರು ಕಿವಿಯ ಪಕ್ಕದ ಕಿಟಕಿ ಇಳಿಸಿ ಕಾರು ಓಡಿಸಿದರು.

ಬೆರಳಚ್ಚು, ಟಿಕೆಟು, ಅದು ಇದು ಎಂದು ಕೆಲವು ದಿನ ಹಿಡಿಯಿತು. ಆ ದಿನಗಳಲ್ಲಿ ಅವರು ಕಿಚನ್ನಿನಲ್ಲಿ ಪಾತ್ರೆಗಳನ್ನು ಬೇಕೆಂದೇ ಕುಕ್ಕುತ್ತಿದ್ದರು. ಏರ್‌ಪೋರ್ಟಿಗೆ ನಾವಿಬ್ಬರೂ ಹೋದೆವು. ಒಳಗಿನ ಸಾಲಿನಲ್ಲಿ ತಮ್ಮ ಹಿಂದೆ ಮುಂದೆ ನಿಂತವರ ಜೊತೆ ಕೈ ಬೀಸಿ ಮಾತಾಡುತ್ತಲೇ ಹೋದ ಅಕ್ಕ ನಮ್ಮ ಕಡೆ ತಿರುಗಿ ನೋಡಲು ಮರೆತರು. ನನಗೆ ಚುರ್ ಎಂದಿತು. ಇಷ್ಟೆಲ್ಲ ಮಾಡಿದವರ ಮುಖ ಒಂದು ಸಲ ನೋಡಬಾರದೇ ಎಂದು ಕಾರಿನಲ್ಲಿ ಕೂತು ಗೊಣಗಿದೆ. ಇವರು ಕಾರು ತಿರುಗಿಸಿ, ಮನೆಗೆ ಹೋಗೋಣ ಎಂದರು. ಮನೆ ಎಂದದ್ದು ಇವರಿಗೆ ತಿಳಿಯಲೂ ಇಲ್ಲ.

ಅವರು ಹೋದ ಮೇಲೆ ಆ ಫ್ಲ್ಯಾಟು ನನ್ನ ಮೇಲೆ ಕೂತಿತು. ಎಸಿಯ ಗುಂಯ್, ಕಿಟಕಿಯ ಗೋಡೆ, ಸಂಜೆಯವರೆಗೆ ಮಾತಿಗೆ ಯಾರಿಲ್ಲ. ನನ್ನ ಹತ್ತಿರ ಪಾಸ್‌ಪೋರ್ಟಿತ್ತು, ಇಕಾಮಾ ಇತ್ತು, ಕೀಲಿಯೂ ಇತ್ತು, ಎಲ್ಲಿಗೂ ಹೋಗಲಿಕ್ಕಿರಲಿಲ್ಲ. ಅವರ ಮೇಲೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಒಂದು ಫೋನಿಲ್ಲ, ಮೆಸೇಜಿಲ್ಲ. ಊರು ಸಿಕ್ಕಿತು, ನಮ್ಮನ್ನು ಮರೆತರು ಎಂದು ಇವರ ಹತ್ತಿರ ದಿನಕ್ಕೊಮ್ಮೆಯಾದರೂ ಬೈದುಕೊಳ್ಳುತ್ತಿದ್ದೆ.

ಎರಡು ಮೂರು ತಿಂಗಳ ಮೇಲೆ ಫೋನು ಬಂತು, ಅಕ್ಕನದಲ್ಲ, ಮಗಳದು. ಅಮ್ಮನ ಫೋನಿನಲ್ಲಿ ಈ ನಂಬರು ಸಿಕ್ಕಿತು, ಅಮ್ಮನಿಗೆ ಗೊತ್ತಾಗದ ಹಾಗೆ ಮಾಡುತ್ತಿದ್ದೇನೆ ಎಂದಳು. ಹಿನ್ನೆಲೆಯಲ್ಲಿ ಯಾರೋ ಯಾರನ್ನೋ ತೋಟದಾಚೆಗೆ ಕೇಳುವಂತೆ ಕರೆಯುತ್ತಿದ್ದರು. ಆ ಗಂಟಲು ಯಾರದ್ದೆಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ಹುಡುಗಿ ಹಿಂಜರಿಯುತ್ತ, ತಪ್ಪು ತಿಳಿಯಬೇಡಿ, ನೀವು ಅಲ್ಲಿ ಅಮ್ಮನ ಜೊತೆಗಿದ್ದವರು, ನಿಮಗೆ ಗೊತ್ತಿರಬಹುದು ಎಂದು ಪೀಠಿಕೆ ಹಾಕಿದಳು. ಫೋನಿನಲ್ಲಿ ಅಷ್ಟು ಮೆಲ್ಲ ಮಾತಾಡುತ್ತಿದ್ದ ಅಮ್ಮ ಈಗ ಬೊಬ್ಬೆ ಹಾಕಿಯೇ ಮಾತಾಡುವುದು. ನನ್ನನ್ನು ಸಾಕಿದ ಅತ್ತೆಗೆ ಕಿರಿಕಿರಿ, ನೆರೆಯವರು ನಗುತ್ತಾರೆ. ಮೆಲ್ಲ ಮಾತಾಡಿ ಎಂದು ಅತ್ತೆ ಹೇಳಿದರೆ ಕೂಡಲೇ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ, ಇಡೀ ದಿನ ಹೊರಗೆ ಬರುವುದಿಲ್ಲ.

"ಅಕ್ಕಾ, ಅಮ್ಮ ಅಲ್ಲಿಯೂ ಹೀಗೇ ಇದ್ದದ್ದಾ?"

ಕಿಟಕಿಯ ಹೊರಗಿನ ಗೋಡೆಯನ್ನು ನೋಡುತ್ತ ಹೇಳಿದೆ.

"ಹೌದು ಮಾರಾಯ್ತಿ, ಇಲ್ಲಿಯೂ ಹೀಗೇ. ಇಡೀ ಬಿಲ್ಡಿಂಗಿಗೆ ಕೇಳ್ತಿತ್ತು. ನಾವು ಯಾರೂ ಒಂದು ದಿನವೂ ಮೆಲ್ಲ ಮಾತಾಡಿ ಅಂತ ಹೇಳಿದ್ದಿಲ್ಲ. ನಿನ್ನ ಅತ್ತೆಗೂ ಹೇಳು, ಹೇಳ್ಬಾರ್ದು ಅಂತ."

ಆಯ್ತಕ್ಕಾ, ಹೇಳ್ತೇನೆ ಎಂದಳು.